ನಾಯಿಯ ಬಾಯಿ ತೆರೆದು ನೋಡಿದವರು ಯಾರು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹರೂಪ ಇದು. ಮಾತಿನ ಓಟದಲ್ಲಿ ಬಿಟ್ಟುಹೋದ ಒಂದಷ್ಟು ಇಸವಿ, ಹೆಸರುಗಳನ್ನು ಇಲ್ಲಿ ಸೇರಿಸಿದ್ದೇನೆ.

ಈ ವಾರದ ವಿಷಯ: ನಾಯಿಯ ಬಾಯಿ ವಾಸನೆ. ನಗಬೇಡಿ. ಇದಕ್ಕೂ ಒಂದು ಚರಿತ್ರೆ ಇದೆ, ಆ ಚರಿತ್ರೆಯಲ್ಲಿ ನಾವೂ ಇದ್ದೇವೆ.

ನಾನಿರೋದು ಪೆಂಡುರ್ತಿಯಲ್ಲಿ, ವಿಶಾಖಪಟ್ಟಣದ ಪಶ್ಚಿಮದ ಅಂಚಿನಲ್ಲಿ. ಈ ಕಡೆಗೆ ಕೆಲಸಕ್ಕೆ ಬಂದ ಕನ್ನಡದವರನ್ನೆಲ್ಲ ಒಮ್ಮೆಯಾದರೂ ತಬ್ಬಿಬ್ಬು ಮಾಡೋ ಪದ ಒಂದಿದೆ: 'ಕಂಪು'. ನಮಗೆ ಕಂಪು ಅಂದರೆ ಮಲ್ಲಿಗೆ, ಶ್ರೀಗಂಧ. ತೆಲುಗಿನವರಿಗೆ ಕಂಪು ಅಂದರೆ ಗಬ್ಬುನಾತ. 'ಮೀ ಕುಕ್ಕ ನೋರು ಕಂಪು ಕೊಡ್ತೋಂದಿ' ಅಂತ ಪಕ್ಕದ ಫ್ಲಾಟಿನವರು ಹೇಳಿದರೆ ಅದು ಹೊಗಳಿಕೆ ಅಲ್ಲ, ದೂರು. ಪದದ ಬೇರು ಒಂದೇ. ಒಂದು ನುಡಿ ಅದನ್ನು ಹೂವಿನ ಕಡೆಗೆ ಎಳೆದುಕೊಂಡಿತು, ಇನ್ನೊಂದು ಕೊಳೆತದ್ದರ ಕಡೆಗೆ. ವಾಸನೆ ಅನ್ನೋದು ಮೂಗಿಗೆ ಬಂದಮೇಲೆ ಅದನ್ನು ಹೇಗೆ ಓದಿಕೊಳ್ಳಬೇಕು ಅನ್ನೋದನ್ನು ಕಾಲ, ದೇಶ, ಅಭ್ಯಾಸಗಳು ತೀರ್ಮಾನ ಮಾಡುತ್ತವೆ. ನಾಯಿಯ ಬಾಯಿಯ ವಿಷಯದಲ್ಲಿ ಆಗಿರೋದೂ ಇದೇ. ನಾಯಿಯ ಹಲ್ಲು ಹಾಳಾಗೋದು ಹೊಸದಲ್ಲ. ನಮ್ಮ ಮೂಗು ಅದರ ಬಾಯಿಯ ಹತ್ತಿರಕ್ಕೆ ಹೋಗಿದ್ದು ಹೊಸದು.

ಮೊದಲು ನಮ್ಮ ದನದ ಜಾತ್ರೆಗೆ ಹೋಗೋಣ. ಎತ್ತು ಕೊಳ್ಳಲು ಬಂದ ರೈತ ಮೊದಲು ಏನು ಮಾಡ್ತಾನೆ? ಬಾಯಿ ತೆರೆಸಿ ಹಲ್ಲು ನೋಡ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಅಂತ ವಯಸ್ಸಿಗೊಂದು ಲೆಕ್ಕ. 'ಧರ್ಮಕ್ಕೆ ಆಕಳು ಕೊಟ್ಟರೆ ಹಲ್ಲು ಹಿಡಿದು ನೋಡಿದರಂತೆ' ಅನ್ನೋ ಗಾದೆ ಹುಟ್ಟಿದ್ದೇ ಇದರಿಂದ. ನಾಯಿಯ ಮೇಲೂ ನಮ್ಮಲ್ಲಿ ಬೇಕಾದಷ್ಟು ಗಾದೆಗಳಿವೆ. ಆದರೆ ಅವೆಲ್ಲ ಅದರ ಬಾಲದ ಮೇಲೆ, ಬೊಗಳಿನ ಮೇಲೆ, ಕಚ್ಚೋದರ ಮೇಲೆ. ಅದರ ಹಲ್ಲನ್ನು ಹಿಡಿದು ನೋಡಿದ ಗಾದೆ ನಾನಂತೂ ಕೇಳಿಲ್ಲ.

ಶಾಸ್ತ್ರಗ್ರಂಥಗಳ ಕಥೆಯೂ ಹೆಚ್ಚುಕಡಿಮೆ ಹೀಗೇ. ಕಲ್ಯಾಣದ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 12ನೇ ಶತಮಾನದ ಆರಂಭದ ಹೊತ್ತಿಗೆ ಕನ್ನಡದಲ್ಲಿ 'ಗೋವೈದ್ಯ' ಬರೆದ. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರ ಕುದುರೆಗಳ ಚಿಕಿತ್ಸೆಯ ಮೇಲೆ ಬರೆದ. ಸಂಸ್ಕೃತದಲ್ಲಿ ಆನೆಗೆ ಪಾಲಕಾಪ್ಯನ ಹೆಸರಿನ ಗ್ರಂಥ ಇದೆ, ಕುದುರೆಗೆ ಶಾಲಿಹೋತ್ರನ ಹೆಸರಿನದ್ದಿದೆ. ಉಳುವ ಎತ್ತು, ಕರೆಯುವ ಹಸು, ಯುದ್ಧದ ಕುದುರೆ, ಆನೆ. ಇವು ಸತ್ತರೆ ನಷ್ಟ, ಹಾಗಾಗಿ ಇವಕ್ಕೆ ವೈದ್ಯ. ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ನಾಯಿಗೂ ಜಾಗ ಇದೆ, ಆದರೆ ಅದು ಇರೋದು ಅರಸನ ವಿನೋದಗಳ ಪಟ್ಟಿಯಲ್ಲಿ, ಬೇಟೆಯ ಸಂಗಾತಿಯಾಗಿ.

ಹಾಗಂತ ನಮ್ಮವರು ನಾಯಿಯನ್ನು ಗೌರವಿಸಲಿಲ್ಲ ಅಂತಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಆತಕೂರಿನ ಶಾಸನ ನೋಡಿ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲು, ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರ ಮೇಲೆ ಹೋರಾಡಿದ. ಅವನ ಕಡೆಯ ವೀರ ಮಣಲೇರ ಅದ್ಭುತವಾಗಿ ಕಾದಾಡಿದ. ಮೆಚ್ಚಿದ ಬೂತುಗ 'ಬೇಕಾದ್ದು ಕೇಳು' ಅಂದ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, 'ಕಾಳಿ' ಅನ್ನೋ ಬೇಟೆನಾಯಿಯನ್ನು! ಆಮೇಲೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಕಾಳಿಯ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದರು, ಎರಡು ಕಂಡುಗ ಭೂಮಿ ಬಿಟ್ಟರು. ಆ ಜಾಗ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೇ ಅಂತ ಕಟ್ಟು ಮಾಡಿಟ್ಟರು. ಸಾವಿರ ವರ್ಷ ದಾಟಿದ ಮೇಲೂ ಆ ಕಲ್ಲಿನಲ್ಲಿ ನಾಯಿ, ಹಂದಿ ಒಂದರ ಮೇಲೊಂದು ಬಿದ್ದು ಕಾದಾಡ್ತಾನೇ ಇವೆ.

ಇಲ್ಲಿ ಒಂದು ಮಾತು ಗಮನಿಸಿ. ಕಾಳಿಯ ಬಾಯಿಗೆ ಅಷ್ಟು ಬೆಲೆ ಬಂದಿದ್ದು ಅದು ಆಯುಧವಾಗಿದ್ದಕ್ಕೆ. ಹಂದಿಯ ದವಡೆಗೆ ಹಲ್ಲು ಊರಿದ್ದಕ್ಕೆ ಕಲ್ಲು ಸಿಕ್ಕಿತು. ಅದೇ ನಾಯಿ ಬದುಕಿ ಮುದಿಯಾಗಿ, ಹಲ್ಲು ಅಲ್ಲಾಡಿ, ಒಸಡಿನಲ್ಲಿ ಕೀವು ತುಂಬಿಕೊಂಡು ಅಂಗಳದ ಮೂಲೆಯಲ್ಲಿ ಮಲಗಿದ್ದರೆ ಅದಕ್ಕೆ ಶಾಸನ ಯಾರು ಬರೆಸ್ತಿದ್ದರು?

ಇದಕ್ಕಿಂತ ಬಹಳ ಹಿಂದಿನ ಒಂದು ನಾಯಿಯ ಕಥೆ ಇದೆ. ಅದನ್ನು ನಮಗೆ ಹೇಳಿದ್ದು ಹಲ್ಲುಗಳೇ. 1914ರಲ್ಲಿ ಜರ್ಮನಿಯ ಬಾನ್ ನಗರದ ಹತ್ತಿರ ಓಬರ್‌ಕಾಸೆಲ್ ಅನ್ನೋ ಕಡೆ ಕಲ್ಲುಗಣಿಯಲ್ಲಿ ಒಂದು ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿ. ಸುಮಾರು 14,000 ವರ್ಷ ಹಳೆಯದು. ಲುಕ್ ಯಾನ್ಸೆನ್ಸ್ ಅನ್ನೋ ಪಶುವೈದ್ಯ ಪುರಾತತ್ವವನ್ನೂ ಓದಿಕೊಂಡವರು. ಅವರು ಮತ್ತು ಸಂಗಡಿಗರು ಆ ನಾಯಿಯ ಹಲ್ಲುಗಳನ್ನು ಮತ್ತೆ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಹಲ್ಲಿನ ಎನಾಮೆಲ್ ಮೇಲೆ ಅಡ್ಡ ಗೆರೆಯಂಥ ಕುಂದುಗಳಿದ್ದವು. ಮರಿಯಾಗಿದ್ದಾಗ ಡಿಸ್ಟೆಂಪರ್ ಬಂದ ಗುರುತು ಅದು ಅಂತ ಅವರು ಓದಿದರು. ಹೌದು, ಇವತ್ತು ನಾವು ಮರಿ ತಂದ ತಕ್ಷಣ ಚುಚ್ಚುಮದ್ದು ಹಾಕಿಸ್ತೀವಲ್ಲ, ಅದೇ ಡಿಸ್ಟೆಂಪರ್. ಆ ಮರಿ ವಾರಗಟ್ಟಲೆ ಕಾಯಿಲೆ ಬಿದ್ದು, ಸಾಯುವಾಗ ಸುಮಾರು ಏಳು ತಿಂಗಳಿನದಾಗಿತ್ತು. ಯಾರಾದರೂ ಬೆಚ್ಚಗಿಟ್ಟು, ನೀರು ಕುಡಿಸಿ, ವಾಂತಿ-ಭೇದಿ ಬಳಿದು ನೋಡಿಕೊಳ್ಳದೆ ಇದ್ದಿದ್ದರೆ ಅಷ್ಟು ದಿನವೂ ಬದುಕುತ್ತಿರಲಿಲ್ಲ ಅನ್ನೋದು ಅವರ ವಾದ. ಬೇಟೆಗೂ ಬಾರದ, ಕಾವಲಿಗೂ ಬಾರದ ಕಾಯಿಲೆ ಮರಿ ಅದು. ಆದರೂ ನೋಡಿಕೊಂಡಿದ್ದಾರೆ. ನಾಯಿಯ ಮೇಲೆ ಮನುಷ್ಯನಿಗಿದ್ದ ಅಕ್ಕರೆಯ ತೀರಾ ಹಳೆಯ ಸಾಕ್ಷಿಗಳಲ್ಲಿ ಒಂದು ಬರೆದಿರೋದು ಕಲ್ಲಿನ ಮೇಲಲ್ಲ, ಹಲ್ಲಿನ ಮೇಲೆ.

ನಡುವಿನ ಕಾಲದಲ್ಲಿ ನಾಯಿಯ ಬಾಯಿಗೆ ಇಣುಕಿದವರು ಇಲ್ಲವೇ ಇಲ್ಲ ಅಂತಲ್ಲ. ಅರಿಸ್ಟಾಟಲ್ ಇಣುಕಿದ್ದ. ಎಳೆಯ ನಾಯಿಯ ಹಲ್ಲು ಬಿಳಿ, ಚೂಪು; ಮುದಿ ನಾಯಿಯದು ಕಪ್ಪು, ಮೊಂಡು ಅಂತ ಬರೆದ. ಅವನಿಗೆ ಅದು ವಯಸ್ಸಿನ ಗುರುತು, ಕಾಯಿಲೆಯ ಗುರುತಲ್ಲ. ಇವತ್ತಿಗೂ ನಾವು ಬಹಳ ಜನ ಅಲ್ಲೇ ನಿಂತಿದ್ದೇವೆ: 'ವಯಸ್ಸಾಯ್ತಲ್ಲ, ಬಾಯಿ ವಾಸನೆ ಬರುತ್ತೆ ಬಿಡಿ.'

ನಮ್ಮ ದೇಶದಲ್ಲಿ ನಾಯಿಯ ಬಾಯಿಗೆ ಯಾರೂ ಕೈ ಹಾಕದೆ ಇದ್ದಿದ್ದಕ್ಕೆ ಇನ್ನೊಂದು ದೊಡ್ಡ ಕಾರಣ ಇತ್ತು. ಅದಕ್ಕೆ ಹೆಸರು ಹುಚ್ಚುನಾಯಿ. ಪ್ಯಾರಿಸ್‌ನಲ್ಲಿ ಲೂಯಿ ಪಾಸ್ಚರ್ ರೇಬಿಸ್ ಲಸಿಕೆಯನ್ನು ಹುಡುಗನೊಬ್ಬನಿಗೆ ಕೊಟ್ಟಿದ್ದು 1885ರಲ್ಲಿ. 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆಗಳು ಶುರುವಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ಕುರಿಯ ಮಿದುಳಿನಿಂದ ಮಾಡುವ ಲಸಿಕೆ ತಯಾರಿಸಿದ. ನಮ್ಮ ಅಪ್ಪ-ಅಮ್ಮಂದಿರ ಕಾಲದ 'ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್' ಬಂದಿದ್ದು ಅಲ್ಲಿಂದಲೇ. 2004ರ ಕೊನೆಯ ಹೊತ್ತಿಗೆ ಭಾರತ ಆ ಲಸಿಕೆಯನ್ನು ಪೂರ್ತಿ ನಿಲ್ಲಿಸಿತು. ಅಂದರೆ ಇದನ್ನು ಓದ್ತಿರೋ ಎಷ್ಟೋ ಜನ ಆ ಹದಿನಾಲ್ಕರ ಹೆದರಿಕೆ ಕೇಳಿಕೊಂಡೇ ಬೆಳೆದವರು. 'ನಾಯಿ ಜೊಲ್ಲು ಮುಟ್ಟಬೇಡ, ಕೈ ತೊಳ್ಕೋ' ಅನ್ನೋ ಬೈಗುಳ ನಮ್ಮಲ್ಲಿ ಬರೀ ಮಡಿಮೈಲಿಗೆಯ ಮಾತಾಗಿರಲಿಲ್ಲ. ಅದರ ಹಿಂದೆ ಜೀವಭಯ ಇತ್ತು. ಹಾಗಾಗಿ ನಾಯಿ ಇದ್ದಿದ್ದು ಜಗುಲಿಯ ಆಚೆ. ಕಾಲಭೈರವನ ವಾಹನವೂ ಹೌದು, ಮೈಲಾರಲಿಂಗನ ಪರಂಪರೆಯಲ್ಲಿ ಗೌರವವೂ ಉಂಟು, ಆದರೆ ಹೊಸಿಲು ದಾಟೋ ಹಾಗಿಲ್ಲ. ಅಷ್ಟು ದೂರಕ್ಕೆ ಬಾಯಿ ವಾಸನೆ ಯಾರಿಗೆ ಗೊತ್ತಾಗಬೇಕು?

ಹೊಸಿಲು ದಾಟಿದ ಕಥೆ ಮೊದಲು ನಡೆದದ್ದು 19ನೇ ಶತಮಾನದ ಲಂಡನ್ನಿನಂಥ ಊರುಗಳಲ್ಲಿ. ಎಡ್ವರ್ಡ್ ಮೇಹ್ಯೂ ಅನ್ನೋ ಇಂಗ್ಲಿಷ್ ಪಶುವೈದ್ಯ 1854ರಲ್ಲಿ ನಾಯಿಗಳ ಆರೈಕೆಯ ಮೇಲೆ ಪುಸ್ತಕ ತಂದ. ಅದರಲ್ಲಿ ಬಾಯಿ, ಹಲ್ಲುಗಳಿಗೇ ಒಂದು ಭಾಗ ಇದೆ. ಮನೆಯೊಳಗೆ, ಮಡಿಲಲ್ಲಿ ಬೆಳೆಯೋ ನಾಯಿಗಳು ಬಂದಮೇಲೆ ಬಾಯಿಗೂ ವೈದ್ಯ ಬೇಕಾದ. 1860ರ ಆಸುಪಾಸಿನಲ್ಲಿ ಅಮೆರಿಕದ ಜೇಮ್ಸ್ ಸ್ಪ್ರಾಟ್ ಲಂಡನ್ನಿಗೆ ಹೋಗಿ ನಾಯಿ ಬಿಸ್ಕತ್ತಿನ ವ್ಯಾಪಾರ ಶುರು ಮಾಡಿದ. ಹಡಗಿನ ಒಣ ಬಿಸ್ಕತ್ತನ್ನು ಬೀದಿನಾಯಿಗಳು ತಿನ್ನೋದು ನೋಡಿ ಅವನಿಗೆ ಈ ಯೋಚನೆ ಬಂತು ಅಂತ ಪ್ರತೀತಿ. 1908ರಲ್ಲಿ ನ್ಯೂಯಾರ್ಕಿನಲ್ಲಿ ಎಲುಬಿನ ಆಕಾರದ 'ಮಿಲ್ಕ್-ಬೋನ್' ಬಂತು. ಮೊದಮೊದಲು ಅದರ ಜಾಹೀರಾತು 'ನಾಯಿಗೊಂದು ಸಿಹಿತಿಂಡಿ' ಅನ್ನೋ ಧಾಟಿಯದು. ಕಾಲ ಕಳೆದಂತೆ ಅದೇ ಬಿಸ್ಕತ್ತು 'ಹಲ್ಲು ಶುಚಿ, ಉಸಿರು ತಾಜಾ' ಅನ್ನತೊಡಗಿತು.

ಈ ಬದಲಾವಣೆಯನ್ನು ಮನುಷ್ಯರ ಕಥೆಯ ಪಕ್ಕ ಇಟ್ಟು ನೋಡಿ. 1879ರ ಲಿಸ್ಟರಿನ್ ಮೊದಲು ಶಸ್ತ್ರಚಿಕಿತ್ಸೆಯ ಕ್ರಿಮಿನಾಶಕ. 1920ರ ದಶಕದಲ್ಲಿ 'ಹಾಲಿಟೋಸಿಸ್' ಅನ್ನೋ ವೈದ್ಯಕೀಯ ಪದವನ್ನು ಜಾಹೀರಾತಿನಲ್ಲಿ ಮೆರೆಸಿ, 'ನಿಮ್ಮ ಬಾಯಿ ವಾಸನೆಯಿಂದಲೇ ಮದುವೆ ಆಗ್ತಿಲ್ಲ' ಅನ್ನೋ ಭಯ ಬಿತ್ತಿದರು. ಇತ್ತ ನಮ್ಮಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಕಟ್ಟಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಇದ್ದಿಲು-ಉಪ್ಪಿನ ಜಾಗಕ್ಕೆ ಬಂತು. ಮನುಷ್ಯರಿಗೆ ಬಾಯಿ ವಾಸನೆ ಅಂದರೆ ನಾಚಿಕೆ. ಆ ನಾಚಿಕೆಯನ್ನೇ ನಾವು ನಾಯಿಯ ಬಾಯಿಗೂ ಅಂಟಿಸಿದೆವು. 'ಗೆಸ್ಟ್ ಬಂದಾಗ ಮುಜುಗರ' ಅಂತ. ನಾಯಿಗೆ ಏನು ಆಗ್ತಿದೆ ಅನ್ನೋದು ಹಿಂದೆ ಉಳಿಯಿತು.

ನಮ್ಮ ಊರುಗಳಿಗೆ ಮನೆಯೊಳಗಿನ ನಾಯಿ ದೊಡ್ಡ ಸಂಖ್ಯೆಯಲ್ಲಿ ಬಂದಿದ್ದು ನಮ್ಮ ಕಣ್ಣೆದುರೇ. 1980-90ರ ದಶಕಗಳಲ್ಲಿ ಮಧ್ಯಮವರ್ಗದ ಮನೆಗಳಿಗೆ 'ಪಾಮೇರಿಯನ್' ಅಂತ ಕರೆಯೋ ಬಿಳಿ ಸ್ಪಿಟ್ಜ್ ಬಂತು. 1994ರ 'ಹಮ್ ಆಪ್ಕೆ ಹೈ ಕೌನ್' ಚಿತ್ರದ ಟಫಿ ಅದೇ ಜಾತಿ. 2003ರಲ್ಲಿ ಹಚ್ ಜಾಹೀರಾತಿನ ಪಗ್ ಬಂತು, ಹುಡುಗನ ಹಿಂದೆ ಹಿಂದೆ ಹೋಗೋದು. ಇವೆಲ್ಲ ಸಣ್ಣ ನಾಯಿಗಳು. ತೊಂದರೆಯ ಬೇರು ಇರೋದೂ ಇಲ್ಲೇ. ದೊಡ್ಡ ನಾಯಿಯಾಗಲಿ ಚಿಕ್ಕದಾಗಲಿ, ಬೆಳೆದ ನಾಯಿಗೆ 42 ಹಲ್ಲು. ಮುಧೋಳದ ಉದ್ದ ಮೂತಿಯಲ್ಲಿ 42 ಹಲ್ಲು ಸಾಲಾಗಿ ಕೂರುತ್ತವೆ. ಪಗ್‌ನ ಚಪ್ಪಟೆ ಮೂತಿಯಲ್ಲಿ ಅದೇ 42 ಹಲ್ಲು ಬೆಳಗಿನ ಮೆಜೆಸ್ಟಿಕ್ ಬಸ್ಸಿನಲ್ಲಿ ನಿಂತ ಹಾಗೆ ಒಂದಕ್ಕೊಂದು ಓರೆಯಾಗಿ ಒತ್ತಿಕೊಂಡಿರುತ್ತವೆ. ಸಂದಿಯಲ್ಲಿ ಸಿಕ್ಕಿದ್ದು ಹೊರಗೆ ಬರೋದಿಲ್ಲ. ಮೂತಿ ಚಿಕ್ಕದು ಮಾಡಿ 'ಕ್ಯೂಟ್' ಅಂದವರು ನಾವು, ಬೆಲೆ ಕಟ್ಟುತ್ತಿರೋದು ಅದರ ಒಸಡು.

ವೈದ್ಯಕೀಯ ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದು ಆಶ್ಚರ್ಯ ಆಗುವಷ್ಟು ತಡವಾಗಿ. ಅಮೆರಿಕದಲ್ಲಿ ಪ್ರಾಣಿಗಳ ದಂತವೈದ್ಯರ ಸಂಘ ಹುಟ್ಟಿದ್ದು 1976ರಲ್ಲಿ. ಅದು ಒಂದು ಪರಿಣತಿಯ ಶಾಖೆ ಅಂತ ಅಲ್ಲಿ ಮಾನ್ಯತೆ ಸಿಕ್ಕಿದ್ದು 1988ರಲ್ಲಿ. ಹಲ್ಲಿಗೆ ಒಳ್ಳೆಯದು ಅಂತ ಮಾರೋ ತಿನಿಸು, ಪೇಸ್ಟುಗಳು ನಿಜವಾಗಿ ಕೆಲಸ ಮಾಡ್ತವಾ ಅಂತ ಪರೀಕ್ಷೆಯ ಫಲ ನೋಡಿ ಮುದ್ರೆ ಕೊಡೋ ವಿಒಎಚ್‌ಸಿ ಮಂಡಳಿ ಬಂದಿದ್ದು 1997ರಲ್ಲಿ. ಅಂದರೆ ಈ ಇಡೀ ಶಾಸ್ತ್ರಕ್ಕೆ ನಮ್ಮ ಐಟಿ ಉದ್ಯಮದಷ್ಟೇ ವಯಸ್ಸು.

ಆ ಶಾಸ್ತ್ರ ಹೇಳೋದೇನು? ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ಲೋಳೆಪದರ ಕೂರೋಕೆ ಒಂದು ದಿನ ಸಾಕು. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರೀಯ. ಅದರಿಂದ ನಾಯಿಗೆ ಹುಳುಕು ಹಲ್ಲು ಕಡಿಮೆ, ಆದರೆ ಪಾಚಿ ಬೇಗ ಕಲ್ಲಾಗುತ್ತೆ, ಎರಡು ಮೂರು ದಿನದಲ್ಲೇ ಗಟ್ಟಿಯಾಗೋಕೆ ಶುರು. ಕಲ್ಲಿನ ಅಂಚಿನಿಂದ ಬ್ಯಾಕ್ಟೀರಿಯಾ ಒಸಡಿನ ಕೆಳಗೆ ಇಳಿದು, ಹಲ್ಲು ಹಿಡಿದಿರೋ ಮೂಳೆಯನ್ನೇ ಕರಗಿಸುತ್ತೆ. ನಮಗೆ ಬರೋ ಕೊಳೆತ ಮೊಟ್ಟೆಯಂಥ ವಾಸನೆ ಅಲ್ಲಿ ಹುಟ್ಟೋ ಗಂಧಕದ ಅನಿಲಗಳದ್ದು. ಅಂದರೆ ಬಹುಪಾಲು ಸಲ ಬಾಯಿ ವಾಸನೆ ಅನ್ನೋದು ಒಸಡಿನ ಸೋಂಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಅಲರ್ಟ್. ಸ್ಪ್ರೇ ಹೊಡೆದು ವಾಸನೆ ಮುಚ್ಚೋದು ಅಲರ್ಟ್ ಮ್ಯೂಟ್ ಮಾಡಿದ ಹಾಗೆ. ಡ್ಯಾಶ್‌ಬೋರ್ಡ್ ಶಾಂತ, ಒಳಗೆ ಸರ್ವರ್ ಸುಡ್ತಾ ಇರುತ್ತೆ.

ಇದರಲ್ಲಿ ಕಷ್ಟದ ಸಂಗತಿ ಏನಂದ್ರೆ, ನಾಯಿ ನೋವನ್ನು ಹೇಳೋದಿಲ್ಲ. ಹಲ್ಲು ಅಲ್ಲಾಡ್ತಿದ್ದರೂ ತಟ್ಟೆ ಖಾಲಿ ಮಾಡುತ್ತೆ, ಯಾಕಂದ್ರೆ ಮೆತ್ತಗಿನ ಅನ್ನವನ್ನು ಅಗಿಯದೆ ನುಂಗಬಹುದು. 'ಚೆನ್ನಾಗಿ ತಿನ್ನುತ್ತಲ್ಲ, ನೋವೇನಿರುತ್ತೆ' ಅಂತ ನಾವು ಅಂದುಕೊಳ್ತೀವಿ. ಪೆಂಡುರ್ತಿಯ ಸುತ್ತ ಹೊಸ ಲೇಔಟುಗಳ ರಸ್ತೆಯಲ್ಲಿ ಸಂಜೆ ನಡೆಯುವಾಗ ಕತ್ತಿನಲ್ಲಿ ಬೆಲ್ಟಿನ ಗುರುತು ಉಳಿದಿರೋ ಬಿಳಿ ಸ್ಪಿಟ್ಜ್‌ಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಬೀದಿಯಲ್ಲಿ ಹುಟ್ಟಿದವಲ್ಲ, ಬಿಟ್ಟುಹೋದವು. ಟ್ರಾನ್ಸ್‌ಫರ್ ಆಯ್ತು, ಹೊಸ ಮನೆಯ ಓನರ್ ಬೇಡ ಅಂದ್ರು, ವಯಸ್ಸಾಯ್ತು, ವಾಸನೆ ಬರುತ್ತೆ. ಕಾರಣಗಳ ಪಟ್ಟಿಯಲ್ಲಿ ಕೊನೆಯದ್ದು ಚಿಕ್ಕದಾಗಿ ಕಾಣುತ್ತೆ. ಆದರೆ ಮಡಿಲಿಂದ ಸೋಫಾಕ್ಕೆ, ಸೋಫಾದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬೀದಿಗೆ ನಾಯಿಯನ್ನು ತಳ್ಳೋ ಮೆಟ್ಟಿಲುಗಳಲ್ಲಿ ಮೊದಲನೆಯದು ಎಷ್ಟೋ ಸಲ ಅದೇ. ಚಿಕಿತ್ಸೆ ಇರೋ ಕಾಯಿಲೆಯೊಂದಕ್ಕೆ ನಾಯಿ ಮನೆಯನ್ನೇ ಕಳೆದುಕೊಳ್ಳುತ್ತೆ.

ಹಾಗಾದರೆ ಮಾಡಬೇಕಾದ್ದೇನು? ಚರಿತ್ರೆ ಕಲಿಸಿದ ಕ್ರಮದಲ್ಲೇ ಹೇಳ್ತೀನಿ.

ಮೊದಲು ರೇಬಿಸ್ ಲಸಿಕೆ. ಕೂನೂರು-ಕಸೌಲಿಗಳ ಕಾಲದ ಹೆದರಿಕೆಯನ್ನು ದಾಟಿ ನಾವು ನಾಯಿಯ ಬಾಯಿಗೆ ಕೈ ಹಾಕೋ ಹಾಗಾಗಿದ್ದೇ ಲಸಿಕೆಯಿಂದ. ಪ್ರತಿ ವರ್ಷ ತಪ್ಪಿಸಬೇಡಿ. ಹಲ್ಲು ತಗುಲಿ ಗಾಯ ಆದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಎರಡನೆಯದು, ದನದ ಜಾತ್ರೆಯ ರೈತನ ಹಾಗೆ ನೋಡೋದು. ವಾರಕ್ಕೊಮ್ಮೆ ತುಟಿ ಎತ್ತಿ ನೋಡಿ. ಒಸಡು ತಿಳಿ ಗುಲಾಬಿ ಇರಬೇಕು. ಕೆಲವು ನಾಯಿಗಳಲ್ಲಿ ಹುಟ್ಟಿನಿಂದಲೇ ಕಪ್ಪು ಮಚ್ಚೆ ಇರುತ್ತೆ, ಅದು ಸಹಜ. ಹಲ್ಲಿನ ಬುಡದಲ್ಲಿ ಕೆಂಪು ಗೆರೆ, ಕಂದು ಕಲ್ಲು, ರಕ್ತ, ಒಂದೇ ಕಡೆ ಅಗಿಯೋದು, ತಿಂಡಿ ಬಾಯಿಂದ ಬೀಳೋದು, ಕಣ್ಣಿನ ಕೆಳಗೆ ಊತ, ಇವೆಲ್ಲ ಡಾಕ್ಟರ ಹತ್ತಿರ ಹೋಗಬೇಕಾದ ಗುರುತುಗಳು. ಉಸಿರಿನಲ್ಲಿ ಅಮೋನಿಯದಂಥ ಘಾಟು ಇದ್ದರೆ ಮೂತ್ರಪಿಂಡದ ತೊಂದರೆ ಇರಬಹುದು, ಹಣ್ಣಿನಂಥ ಸಿಹಿ ವಾಸನೆ ಇದ್ದರೆ ಸಕ್ಕರೆ ಕಾಯಿಲೆ ಇರಬಹುದು. ಇವೆರಡೂ ಕಾಯೋ ವಿಷಯ ಅಲ್ಲ.

ಮೂರನೆಯದು ಬ್ರಷ್. ಪಾಚಿ ಕಲ್ಲಾಗೋಕೆ ಎರಡು ಮೂರು ದಿನ ಅಂದೆನಲ್ಲ, ಅದಕ್ಕೇ ದಿನಾ ಉಜ್ಜಬೇಕು ಅನ್ನೋದು. ಮರಿಯಿದ್ದಾಗಲೇ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಅಭ್ಯಾಸ ಮಾಡಿಸಿ, ಆಮೇಲೆ ಮೆತ್ತಗಿನ ಬ್ರಷ್. ಪೇಸ್ಟು ಮಾತ್ರ ನಾಯಿಗೆಂದೇ ಮಾಡಿದ್ದಿರಲಿ. ನಾಯಿಗೆ ಉಗಿಯೋಕೆ ಬರೋದಿಲ್ಲ, ಎಲ್ಲ ಹೊಟ್ಟೆಗೇ. ನಮ್ಮ ಪೇಸ್ಟಿನ ಫ್ಲೋರೈಡ್ ಒಳ್ಳೆಯದಲ್ಲ, ಕೆಲವು ಪೇಸ್ಟಿನಲ್ಲಿರೋ ಜೈಲಿಟಾಲ್ ಅನ್ನೋ ಸಿಹಿ ನಾಯಿಗೆ ವಿಷ. ಅಜ್ಜನ ಕಾಲದ ಉಪ್ಪು-ಇದ್ದಿಲು, ನಮ್ಮ ಹಲ್ಲುಪುಡಿ ಯಾವುದೂ ಅದಕ್ಕೆ ಬೇಡ.

ನಾಲ್ಕನೆಯದು ಎಲುಬು. 'ಎಲುಬು ಕಡಿದರೆ ಹಲ್ಲು ಗಟ್ಟಿ' ಅನ್ನೋ ನಂಬಿಕೆ ಇದೆ. ಗಟ್ಟಿ ಎಲುಬು ಕಡಿದು ಮೇಲಿನ ದೊಡ್ಡ ದವಡೆಹಲ್ಲು ಸೀಳೋದು ಪಶುವೈದ್ಯರು ಪದೇ ಪದೇ ನೋಡೋ ಗಾಯ. ಉಗುರು ಒತ್ತಿದರೆ ಸ್ವಲ್ಪವಾದರೂ ಗುರುತು ಮೂಡದಷ್ಟು ಗಟ್ಟಿಯಾದದ್ದು ಬೇಡ.

ಕೊನೆಯದು, ಕಲ್ಲು ಆಗಲೇ ಕಟ್ಟಿದ್ದರೆ ಬ್ರಷ್‌ನಿಂದ ಹೋಗೋದಿಲ್ಲ. ಅರಿವಳಿಕೆ ಕೊಟ್ಟು ಡಾಕ್ಟರೇ ತೆಗೆಯಬೇಕು. 'ಅರಿವಳಿಕೆ ಇಲ್ಲದೆ ಕ್ಲೀನ್ ಮಾಡ್ತೀವಿ' ಅನ್ನೋರು ಕಣ್ಣಿಗೆ ಕಾಣೋದನ್ನು ಮಾತ್ರ ಕೆರೀತಾರೆ, ಕಾಯಿಲೆ ಇರೋದು ಒಸಡಿನ ಕೆಳಗೆ. ಜಗತ್ತಿನ ಸಣ್ಣಪ್ರಾಣಿ ಪಶುವೈದ್ಯರ ಒಕ್ಕೂಟ ತನ್ನ ದಂತ ಮಾರ್ಗಸೂಚಿಯಲ್ಲಿ ಆ ಪದ್ಧತಿ ಸಲ್ಲದು ಅಂತ ಸ್ಪಷ್ಟವಾಗಿ ಹೇಳಿದೆ. ವಯಸ್ಸಾದ ನಾಯಿಗೆ ಅರಿವಳಿಕೆ ಭಯ ಸಹಜ; ಮೊದಲು ರಕ್ತಪರೀಕ್ಷೆ ಮಾಡಿಸಿ, ಡಾಕ್ಟರ ಹತ್ತಿರ ಕೂತು ಮಾತಾಡಿ ತೀರ್ಮಾನ ಮಾಡಿ. ಬೆಂಗಳೂರಿನಲ್ಲಿರೋರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ, ವಿಜಯವಾಡದ ಕಡೆಯವರಿಗೆ ಗನ್ನವರಂನ ಕಾಲೇಜಿದೆ. ಖರ್ಚು ಎಷ್ಟು ಅಂತ ಮೊದಲೇ ಕೇಳೋಕೆ ಸಂಕೋಚ ಬೇಡ.

ಕಾಳಿಗೆ ಕಲ್ಲು ಸಿಕ್ಕಿದ್ದು ಅದು ಕಚ್ಚಿದ್ದಕ್ಕೆ. ಓಬರ್‌ಕಾಸೆಲ್‌ನ ಮರಿಗೆ ಆರೈಕೆ ಸಿಕ್ಕಿದ್ದು ಯಾವ ಕೆಲಸಕ್ಕೂ ಅಲ್ಲ, ಸುಮ್ಮನೆ ಅದು ಅವರದ್ದಾಗಿದ್ದಕ್ಕೆ. ನಮ್ಮ ಫ್ಲಾಟುಗಳಲ್ಲಿ ನಾಯಿ ಹಂದಿ ಹಿಡಿಯೋದಿಲ್ಲ, ಹೊಲ ಕಾಯೋದಿಲ್ಲ. ನಮ್ಮದು ಅನ್ನೋ ಒಂದೇ ಕಾರಣಕ್ಕೆ ಅದು ಅಲ್ಲಿದೆ. ಅದನ್ನು ಇಷ್ಟು ಹತ್ತಿರ ಕರೆದುಕೊಂಡ ಮೇಲೆ ಅದರ ಬಾಯಿಯಿಂದ ಬರೋ ಸುದ್ದಿಯನ್ನೂ ಕೇಳಿಸಿಕೊಳ್ಳಬೇಕು. ಇವತ್ತು ಲಾಗಿನ್ ಮುಗಿದ ಮೇಲೆ ಮೊಬೈಲ್ ಪಕ್ಕಕ್ಕಿಟ್ಟು, ಅದರ ಪಕ್ಕ ಕೂತು, ನಿಧಾನವಾಗಿ ತುಟಿ ಎತ್ತಿ ಒಮ್ಮೆ ನೋಡಿ. ಎರಡು ನಿಮಿಷದ ಕೆಲಸ.

ಮುಂದಿನ ವಾರ ಇನ್ನೊಂದು ಕಥೆಯೊಂದಿಗೆ ಸಿಗ್ತೀನಿ. ನಮಸ್ಕಾರ.